ಬೊಲೋನ್ಯದ ಒಂದು ಆಲ್ಬಮ್, ಆಮೇಲಿನ 21 ವರ್ಷ

ಇಟಲಿಯ ಬೊಲೋನ್ಯ ನಗರದಲ್ಲಿ 1990ರಲ್ಲಿ ಕೆಲವು ಹುಡುಗರು ಸೇರಿ ಒಂದು ಡೆತ್ ಮೆಟಲ್ (ರಾಕ್ ಸಂಗೀತದ ತುಂಬ ಅಬ್ಬರದ ಒಂದು ಪ್ರಕಾರ) ಬ್ಯಾಂಡ್ ಕಟ್ಟಿದರು. ಹೆಸರು ಎಲೆಕ್ಟ್ರೊಕ್ಯೂಷನ್. ಮೂರು ವರ್ಷಕ್ಕೆ ಅವರ ಮೊದಲ ಆಲ್ಬಮ್ ಬಂತು, 'ಇನ್‌ಸೈಡ್ ದಿ ಅನ್‌ರಿಯಲ್'. ಎರಡನೆಯ ಆಲ್ಬಮ್ ಬಂದದ್ದು 2014ರಲ್ಲಿ. 90ರ ದಶಕ ಮುಗಿಯುವ ಮೊದಲೇ ಬ್ಯಾಂಡ್ ಚದುರಿಹೋಗಿತ್ತು. ಮತ್ತೆ ಸೇರಿದ್ದು 2012ರ ಸುಮಾರಿಗೆ.

ನಾನು ಈ ಆಲ್ಬಮ್ ಕೇಳಿದ್ದು ತುಂಬಾ ತಡವಾಗಿ. ಕೇಳಿದ ಮೇಲೆ ಒಂದೇ ಪ್ರಶ್ನೆ ತಲೆಯಲ್ಲಿ ಉಳಿಯಿತು. ಇಷ್ಟು ಚೆನ್ನಾಗಿ ನುಡಿಸುತ್ತಿದ್ದವರು ಯಾಕೆ ನಿಂತುಬಿಟ್ಟರು? ಇಂಥ ಬ್ಯಾಂಡುಗಳ ಬಗ್ಗೆ ಮಾತು ಬಂದಾಗ ಜನ ಸಾಮಾನ್ಯವಾಗಿ ಹೇಳುವುದು ಎರಡೇ. ಒಂದು, ಅದೃಷ್ಟ ಇರಲಿಲ್ಲ. ಇನ್ನೊಂದು, ಅಷ್ಟೇನೂ ಹೊಸತು ಇರಲಿಲ್ಲ, ಅದಕ್ಕೇ ಮರೆತುಹೋದರು. ಎರಡೂ ಸುಮ್ನೆ ಹೇಳುವ ಮಾತು ಅಂತ ನನಗೆ ಅನ್ನಿಸುತ್ತದೆ. ಒಂದು ಬ್ಯಾಂಡ್ ಬಾಳಬೇಕಾದರೆ ಅದರ ಸುತ್ತ ಕೆಲವು ವ್ಯವಸ್ಥೆಗಳು ಇರಬೇಕು: ನುಡಿಸಲು ಜಾಗ, ದಾಖಲಿಸಲು ಸ್ಟುಡಿಯೊ, ಮಾರಲು ಗೊತ್ತಿರುವ ಕಂಪನಿ, ಜೀವನಕ್ಕೆ ಒಂದಿಷ್ಟು ದುಡ್ಡು, ಕೊನೆಗೆ ತಮ್ಮದೇ ಹಾಡಿನ ಮೇಲೆ ಹಕ್ಕು. 90ರ ದಶಕದ ಇಟಲಿಯಲ್ಲಿ ಇವು ಹೇಗಿದ್ದವು ಅಂತ ನೋಡಿದರೆ ಬ್ಯಾಂಡ್ ನಿಂತದ್ದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಆಶ್ಚರ್ಯ ಅಂದರೆ ಆ ಆಲ್ಬಮ್ ಬಂದದ್ದೇ.

ಈ ಸಂಗೀತದ ಪರಿಚಯ ಇಲ್ಲದವರಿಗೆ ಎರಡು ಮಾತು. ಡೆತ್ ಮೆಟಲ್‌ನಲ್ಲಿ ಗಿಟಾರಿನ ತಂತಿಯನ್ನು ಮಾಮೂಲಿಗಿಂತ ಕೆಳಗಿನ ಶ್ರುತಿಗೆ ಇಳಿಸುತ್ತಾರೆ. ಡ್ರಮ್ಮರ್ ಎರಡೂ ಕಾಲಿನಿಂದ ದೊಡ್ಡ ಡ್ರಮ್ ಹೊಡೆಯುತ್ತಾನೆ. ಹಾಡುವವರು ಗಂಟಲಿನ ಆಳದಿಂದ ಗುಡುಗುತ್ತಾರೆ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸುವುದನ್ನು ಕೇಳಿದವರಿಗೆ ಇದು ತೀರಾ ಹೊಸತಲ್ಲ. ಆ ಅಬ್ಬರದಲ್ಲಿ ಮಾತು ಯಾವುದು ಅಂತ ಯಾರೂ ಕೇಳುವುದಿಲ್ಲ, ರಾಕ್ಷಸ ಬಂದ ಅಂತ ಮೈಗೆ ಗೊತ್ತಾಗುತ್ತದೆ. ಇಲ್ಲೂ ಹಾಗೇ, ಕಂಠವೇ ಒಂದು ವಾದ್ಯ. 'ಇನ್‌ಸೈಡ್ ದಿ ಅನ್‌ರಿಯಲ್'ನಲ್ಲಿ ಇದರ ಜೊತೆಗೆ ಇನ್ನೊಂದು ಗುಣ ಇದೆ. ಹಳೆಯ ಥ್ರ್ಯಾಷ್ ಮೆಟಲ್‌ನ (ಡೆತ್ ಮೆಟಲ್‌ಗೆ ಮುಂಚಿನ ವೇಗದ ಪ್ರಕಾರ) ಚುರುಕು ಅದರಲ್ಲಿ ಉಳಿದಿದೆ. ಒಂದು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಕಿವಿಗೆ ಕೂರುವ ಹೊತ್ತಿಗೆ ಹಾಡು ಬೇರೆ ಕಡೆ ತಿರುಗಿರುತ್ತದೆ, ಆದರೆ ದಾರಿ ತಪ್ಪುವುದಿಲ್ಲ. 'ಬ್ಯಾಕ್ ಟು ದಿ ಲೆಪ್ರೊಸೇರಿಯಂ' ಹಾಡನ್ನು ಫ್ಲಾರಿಡಾದ ಆ ಕಾಲದ ದೊಡ್ಡ ಬ್ಯಾಂಡುಗಳ ನಡುವೆ ಇಟ್ಟು ಕೇಳಿಸಿದರೆ, ಇದು ಬೇರೆ ದೇಶದ್ದು ಅಂತ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ.

ಫ್ಲಾರಿಡಾದ ಹೆಸರು ಬಂದದ್ದಕ್ಕೆ ಕಾರಣ ಇದೆ. ಅಮೆರಿಕದ ಪೊಸೆಸ್ಡ್ ಬ್ಯಾಂಡ್ 1985ರಲ್ಲಿ, ಡೆತ್ ಬ್ಯಾಂಡ್ 1987ರಲ್ಲಿ ತಂದ ಮೊದಲ ಆಲ್ಬಮುಗಳಿಂದ ಈ ಪ್ರಕಾರ ಒಂದು ರೂಪಕ್ಕೆ ಬಂತು. ಆಮೇಲೆ ಅದು ಎರಡು ಊರುಗಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತು. ಒಂದು ಫ್ಲಾರಿಡಾದ ಟ್ಯಾಂಪಾ, ಇನ್ನೊಂದು ಸ್ವೀಡನ್ನಿನ ಸ್ಟಾಕ್‌ಹೋಮ್. ಟ್ಯಾಂಪಾದಲ್ಲಿ ಮೊರ್ರಿಸೌಂಡ್ ಅನ್ನೋ ಸ್ಟುಡಿಯೊ ಇತ್ತು. ಅಲ್ಲಿನ ಧ್ವನಿಮುದ್ರಣಕಾರ ಸ್ಕಾಟ್ ಬರ್ನ್ಸ್‌ಗೆ ಇಷ್ಟು ವೇಗದ ಡ್ರಮ್ಮನ್ನು ಕಲಸುಮೇಲೋಗರ ಆಗದಂತೆ ದಾಖಲಿಸುವುದು ಗೊತ್ತಿತ್ತು. ಸ್ಟಾಕ್‌ಹೋಮ್‌ನಲ್ಲಿ ಸನ್‌ಲೈಟ್ ಸ್ಟುಡಿಯೊ ಇತ್ತು. ಬಾಸ್ ಕಂಪನಿಯ, ಗಿಟಾರಿನ ಸದ್ದು ಬದಲಿಸುವ ಒಂದು ಸಣ್ಣ ಪೆಡಲ್‌ನ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿ ತೆಗೆದ ಗರಗಸದಂಥ ಗಿಟಾರ್ ಸದ್ದಿಗೆ ಅದು ಹೆಸರಾಯಿತು. ಮಾರುವುದಕ್ಕೆ ಇಂಗ್ಲೆಂಡಿನ ನಾಟಿಂಗ್ಹ್ಯಾಮ್‌ನ ಇಯರೇಕ್, ನೆದರ್ಲೆಂಡ್ಸಿನ ರೋಡ್‌ರನ್ನರ್ ಥರದ ಕಂಪನಿಗಳಿದ್ದವು. ಅಂದರೆ ಊರು, ಸ್ಟುಡಿಯೊ, ಕಂಪನಿ, ಪತ್ರಿಕೆ, ಪ್ರವಾಸ ಎಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದವು. ಪ್ರತಿಭೆ ಆ ಸರಪಳಿಯಲ್ಲಿ ಒಂದು ಕೊಂಡಿ ಅಷ್ಟೇ.

ಇಟಲಿಯಲ್ಲಿ ಪ್ರತಿಭೆಯ ಕೊಂಡಿಗೆ ಕೊರತೆ ಇರಲಿಲ್ಲ. ಮಿಲಾನಿನ ಬುಲ್‌ಡೋಜರ್ 80ರ ದಶಕದಲ್ಲೇ ಇತ್ತು. ಜೆನೋವಾದ ನೆಕ್ರೊಡೆತ್ 1987ರಲ್ಲಿ 'ಇಂಟು ದಿ ಮಕಾಬರ್' ತಂದಿತು. ದಕ್ಷಿಣದಲ್ಲಿ, ಸಿಸಿಲಿ ದ್ವೀಪದ ಕತಾನಿಯಾದಿಂದ ಸ್ಕಿಟ್ಸೊ 1989ರಲ್ಲಿ 'ಮೇನ್ ಫ್ರೇಮ್ ಕೊಲ್ಯಾಪ್ಸ್' ತಂದಿತು. ನೆಕ್ರೊಡೆತ್ ಎರಡು ಆಲ್ಬಮ್ ಮಾಡಿ 90ರ ಹೊತ್ತಿಗೆ ನಿಂತಿತು. ಸ್ಕಿಟ್ಸೊ ಒಂದು ಆಲ್ಬಮ್ ಮಾಡಿ ಬಹಳ ಕಾಲ ಮೌನವಾಯಿತು. ಎಲೆಕ್ಟ್ರೊಕ್ಯೂಷನ್‌ಗೂ ಹಾಗೇ ಆಯಿತು. ಬೇರೆಬೇರೆ ಊರಿನ ಮೂರು ಬ್ಯಾಂಡ್‌ಗೆ ಒಂದೇ ಥರ ಆದಾಗ ಅದನ್ನು ಅದೃಷ್ಟ ಅಂತ ಕರೆಯುವುದು ಸರಿಯಲ್ಲ ಅಲ್ವಾ?

ಹಾಗಾದರೆ ಅವರ ಕೈಯಲ್ಲಿ ಇದ್ದದ್ದೇನು? ಅಂಚೆ ಇತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಸಂಗೀತ ಲೋಕವೆಲ್ಲ ಓಡಾಡಿದ್ದು ಕ್ಯಾಸೆಟ್ ತುಂಬಿದ ಲಕೋಟೆಗಳಲ್ಲಿ.

ಒಂದು ಬ್ಯಾಂಡ್ ನಾಲ್ಕು ಹಾಡು ದಾಖಲಿಸಿ ಡೆಮೊ ಮಾಡುತ್ತದೆ. ಅದನ್ನು ಕ್ಯಾಸೆಟ್‌ಗೆ ಹಾಕಿ, ಜೆರಾಕ್ಸ್ ಮಾಡಿದ ಹೊದಿಕೆ ಮಡಚಿಟ್ಟು, ಊರೂರಿನ ವಿಳಾಸಗಳಿಗೆ ಕಳಿಸುತ್ತದೆ. ವಿಳಾಸ ಸಿಗುವುದು ಜೆರಾಕ್ಸ್ ಪತ್ರಿಕೆಗಳಲ್ಲಿ, ಆಲ್ಬಮಿನ ಒಳಪುಟದ ಧನ್ಯವಾದದ ಪಟ್ಟಿಯಲ್ಲಿ, ಇನ್ನೊಬ್ಬರು ಕಳಿಸಿದ ಲಕೋಟೆಯೊಳಗಿನ ಚೀಟಿಗಳಲ್ಲಿ. ಆ ಲಕೋಟೆಯಲ್ಲಿ ಐದಾರು ಬೇರೆ ಬ್ಯಾಂಡುಗಳ ಪುಟ್ಟ ಕರಪತ್ರಗಳೂ ಇರುತ್ತಿದ್ದವು. ಪಡೆದವರು ಅವನ್ನು ಮುಂದಿನವರಿಗೆ ದಾಟಿಸಬೇಕು, ಅದು ಬರೆಯದ ನಿಯಮ. ಕೊಳ್ಳುವುದಕ್ಕಿಂತ ಅದಲುಬದಲು ಜಾಸ್ತಿ. ನನ್ನ ಹತ್ತಿರ ಇರುವ ಪಟ್ಟಿ ಇದು, ನಿನ್ನ ಪಟ್ಟಿ ಕಳಿಸು, ಒಂದಕ್ಕೊಂದು. ಹೊರದೇಶಕ್ಕೆ ಬರೆಯುವವರು ಉತ್ತರದ ಖರ್ಚಿಗೆ ಅಂತ ಅಂತರರಾಷ್ಟ್ರೀಯ ಅಂಚೆ ಕೂಪನ್ ಇಡುತ್ತಿದ್ದರು. ಅದೂ ದುಬಾರಿ ಆದಾಗ ಅಂಚೆಚೀಟಿಯ ಮೇಲೆ ತೆಳ್ಳಗೆ ಅಂಟು ಇಲ್ಲವೇ ಸೋಪು ಸವರುತ್ತಿದ್ದರು. ಅಂಚೆಯ ಮುದ್ರೆ ಅದರ ಮೇಲೆ ಬೀಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಅದೇ ಚೀಟಿ ಮತ್ತೆ ಕೆಲಸಕ್ಕೆ ಬರುತ್ತದೆ. 'ನನ್ನ ಅಂಚೆಚೀಟಿ ವಾಪಸ್ ಕಳಿಸು' ಅನ್ನುವುದು ಆ ಕಾಲದ ಪತ್ರಗಳಲ್ಲಿ ಮಾಮೂಲಿ ಸಾಲು.

ಈ ಜಾಲದ ಶಕ್ತಿ ದೊಡ್ಡದು. ಡೆತ್ ಬ್ಯಾಂಡಿನ ಹೆಸರು ಹರಡಿದ್ದೂ ಮೊದಲ ಆಲ್ಬಮಿಗೆ ಮುಂಚೆ, ಇಂಥ ಕ್ಯಾಸೆಟ್‌ಗಳಿಂದಲೇ. ಬೊಲೋನ್ಯದ ಹುಡುಗನಿಗೂ ಟ್ಯಾಂಪಾದ ಹುಡುಗನಿಗೂ ಇಲ್ಲಿ ಒಂದೇ ದರ್ಜೆ. ಆದರೆ ಇದರಲ್ಲಿ ಎರಡು ತೊಡಕಿದ್ದವು. ಮೊದಲನೆಯದು, ಪ್ರತಿಯ ಪ್ರತಿ ತೆಗೆಯುತ್ತ ಹೋದಂತೆ ಸದ್ದು ಮಸುಕಾಗುತ್ತದೆ. ಸಿಂಬಲ್‌ನ ಮೊನಚು ಮೊದಲು ಹೋಗುತ್ತದೆ, ಸುಂಯ್ ಅನ್ನುವ ಟೇಪಿನ ಸದ್ದು ಮೇಲೇಳುತ್ತದೆ. ಎರಡನೆಯದು, ಇಲ್ಲಿ ಹೆಸರು ಬರುತ್ತದೆ, ದುಡ್ಡು ಬರುವುದಿಲ್ಲ. ಬಂದ ಹೆಸರನ್ನು ದುಡ್ಡಾಗಿಸುವುದು ರೆಕಾರ್ಡ್ ಕಂಪನಿಯ ಕೆಲಸ, ಸಂಗೀತ ಕಾರ್ಯಕ್ರಮದ ಕೆಲಸ. ಇಟಲಿಯಲ್ಲಿ ಸರಪಳಿ ತುಂಡಾಗಿದ್ದು ಅಲ್ಲೇ.

'ಇನ್‌ಸೈಡ್ ದಿ ಅನ್‌ರಿಯಲ್' ಹೊರತಂದದ್ದು ಫ್ಲಾರೆನ್ಸಿನ ಕಾಂಟೆಂಪೊ ರೆಕಾರ್ಡ್ಸ್. ಒಳ್ಳೆಯ ಕಂಪನಿ. ಆದರೆ ಅದರ ಹೆಸರು ಇದ್ದದ್ದು ನ್ಯೂ ವೇವ್ ಮತ್ತು ಇಂಡಸ್ಟ್ರಿಯಲ್ ಸಂಗೀತದಲ್ಲಿ. ಪಾಂಕೋ, ಕ್ಲಾಕ್ ಡಿವಿಎ ಥರದವರು ಅಲ್ಲಿದ್ದರು. ಡೆತ್ ಮೆಟಲ್ ಕೊಳ್ಳುವವನು ಇಯರೇಕ್ ಅಥವಾ ರೋಡ್‌ರನ್ನರ್ ಗುರುತು ನೋಡಿ, ಬ್ಯಾಂಡ್ ಗೊತ್ತಿಲ್ಲದಿದ್ದರೂ ಆಲ್ಬಮ್ ಕೊಳ್ಳುತ್ತಿದ್ದ ಕಾಲ ಅದು. ಕಾಂಟೆಂಪೊ ಗುರುತು ಕಂಡರೆ ಅವನ ಕೈ ಆ ಕಡೆ ಹೋಗುವುದು ಕಷ್ಟ. ಕಂಪನಿಯ ತಪ್ಪು ಅಂತ ಹೇಳುತ್ತಿಲ್ಲ. ಆ ಆಲ್ಬಮಿಗೆ ನಂಬಿ ದುಡ್ಡು ಹಾಕಿದ್ದಕ್ಕೆ ನಾವು ಅವರಿಗೆ ಋಣಿಗಳು. ಆದರೆ ಅಂಗಡಿ ಒಂದು ಬೀದಿಯಲ್ಲಿ, ಗಿರಾಕಿ ಇನ್ನೊಂದು ಬೀದಿಯಲ್ಲಿ.

ಇನ್ನು ಆ ವರ್ಷ. 1993 ಅಂದರೆ ಡೆತ್ ಮೆಟಲ್‌ನ ತುಂಬು ಸಂತೆ. ಡೆತ್, ಕಾರ್ಕಸ್, ಮಾರ್ಬಿಡ್ ಏಂಜೆಲ್, ಎಂಟೂಂಬ್ಡ್, ಸಿನಿಕ್, ಏಥಿಯಿಸ್ಟ್, ಪೆಸ್ಟಿಲೆನ್ಸ್ ಎಲ್ಲರ ಆಲ್ಬಮುಗಳು ಅದೇ ವರ್ಷ ಬಂದವು. ಇಯರೇಕ್ ಅಮೆರಿಕದಲ್ಲಿ ಕೊಲಂಬಿಯಾ ಕಂಪನಿಯ ಜೊತೆ ಕೈ ಜೋಡಿಸಿತ್ತು. ದೊಡ್ಡ ಬ್ಯಾಂಡುಗಳು ಪ್ರಕಾರದ ಗಡಿ ದಾಟಿ ಹೊಸ ಕಡೆ ಹೊರಟಿದ್ದವು. ಭೂಗತ ಕೇಳುಗರ ಗಮನ ಆಗಲೇ ನಾರ್ವೆಯ ಬ್ಲ್ಯಾಕ್ ಮೆಟಲ್ ಕಡೆ ತಿರುಗುತ್ತಿತ್ತು. ಅಲ್ಲಿ ಚರ್ಚುಗಳಿಗೆ ಬೆಂಕಿ ಬಿದ್ದ ಸುದ್ದಿ, ಕೊಲೆಯ ಸುದ್ದಿ ಪತ್ರಿಕೆಗಳ ತುಂಬ ಇದ್ದವು. 1990ರಲ್ಲಿ ಬಂದಿದ್ದರೆ ಈ ಆಲ್ಬಮ್ ಮುಂದಿನ ಸಾಲಿನಲ್ಲಿ ಕೂರುತ್ತಿತ್ತು ಅನ್ನುವುದು ನನ್ನ ನಂಬಿಕೆ. 1993ರಲ್ಲಿ ಅದಕ್ಕೆ ನಿಲ್ಲಲೂ ಜಾಗ ಸಿಗಲಿಲ್ಲ.

ಈಗ ದುಡ್ಡಿನ ವಿಷಯ. ಮೆಟಲ್ ಇತಿಹಾಸ ಬರೆಯುವವರು ಇದನ್ನು ಯಾಕೋ ಮುಟ್ಟುವುದೇ ಕಡಿಮೆ. 1992 ಇಟಲಿಗೆ ಕೆಟ್ಟ ವರ್ಷ. ಫೆಬ್ರವರಿಯಲ್ಲಿ ಮಿಲಾನಿನ ಲಂಚದ ಹಗರಣ ಹೊರಬಿತ್ತು. ಜುಲೈಯಲ್ಲಿ ಸರ್ಕಾರ ರಾತ್ರೋರಾತ್ರಿ ಜನರ ಬ್ಯಾಂಕ್ ಠೇವಣಿಯಿಂದ ಸಾವಿರಕ್ಕೆ ಆರರಂತೆ ಕತ್ತರಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಲಿರಾ ನಾಣ್ಯ ಯುರೋಪಿನ ವಿನಿಮಯ ವ್ಯವಸ್ಥೆಯಿಂದಲೇ ಹೊರಬಿದ್ದು ಕುಸಿಯಿತು. ಗಿಟಾರ್, ಆಂಪ್ಲಿಫೈಯರ್, ಪೆಡಲ್‌ಗಳಲ್ಲಿ ಬಹುಪಾಲು ಅಮೆರಿಕ, ಜಪಾನಿನಿಂದ ಬರುವಂಥವು, ಲಿರಾ ಬಿದ್ದಷ್ಟೂ ಅವು ದುಬಾರಿ. ಟ್ಯಾಂಪಾಕ್ಕೆ ಹೋಗಿ ದಾಖಲಿಸುವ ಕನಸು ಯಾರಿಗಾದರೂ ಇದ್ದಿದ್ದರೆ, ಅದರ ಲೆಕ್ಕ ಆ ಶರತ್ಕಾಲದಲ್ಲೇ ಕೈಮೀರಿ ಹೋಗಿರುತ್ತಿತ್ತು.

ಅದರ ಮೇಲೆ ಸೇನೆ. ಇಟಾಲಿಯನ್ನರು 'ನಾಯ' ಅಂತ ಕರೆಯುವ ಕಡ್ಡಾಯ ಸೇನಾ ಸೇವೆ ಆಗ ಇತ್ತು. ಹದಿನೆಂಟು ದಾಟಿದ ಹುಡುಗರು ಹನ್ನೆರಡು ತಿಂಗಳು ಹೋಗಬೇಕು. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲಾರೆ ಅಂದವರಿಗೆ ಬದಲಿ ನಾಗರಿಕ ಸೇವೆ ಇತ್ತು. ಅದು ಮೊದಲು ಇಪ್ಪತ್ತು ತಿಂಗಳು. 1989ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಎರಡನ್ನೂ ಸಮ ಮಾಡಿತು. ಓದುತ್ತಿರುವವರು ಮುಂದೂಡಬಹುದಿತ್ತು, ಆದರೆ ಸುಮ್ಮನೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಇದು 2005ರ ಜನವರಿಯಿಂದ ನಿಂತಿತು. ಈಗ ನಾಲ್ಕು ಜನರ ಒಂದು ಬ್ಯಾಂಡ್ ಊಹಿಸಿಕೊಳ್ಳಿ. ನಾಲ್ವರ ವಯಸ್ಸೂ ಒಂದಲ್ಲ. ಒಬ್ಬ ಈ ವರ್ಷ ಹೋಗುತ್ತಾನೆ, ಇನ್ನೊಬ್ಬ ಮುಂದಿನ ವರ್ಷ. ಡೆತ್ ಮೆಟಲ್ ಡ್ರಮ್ಮರ್‌ಗೆ ಒಂದು ತಿಂಗಳು ಅಭ್ಯಾಸ ತಪ್ಪಿದರೇ ಕಾಲು ಹಿಡಿಯುತ್ತದೆ. ಒಂದು ವರ್ಷ ಅಂದರೆ? ಆ ಕಾಲದ ಇಟಲಿಯ ಬ್ಯಾಂಡುಗಳ ಆಯಸ್ಸು ಲೆಕ್ಕ ಹಾಕುವಾಗ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಸ್ವೀಡನ್ನಿನಲ್ಲೂ ಕಡ್ಡಾಯ ಸೇವೆ ಇತ್ತು, ನಿಜ. ಆದರೆ ಅಲ್ಲಿ ಸರ್ಕಾರದ ನೆರವಿನ ಸಂಗೀತ ಶಾಲೆಗಳಿದ್ದವು, ಅಭ್ಯಾಸದ ಕೋಣೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಹುಡುಗ ಮರಳಿ ಬಂದಾಗ ಒಂದು ಜಾಗ ಕಾದಿರುತ್ತಿತ್ತು.

ಇಟಲಿಯಲ್ಲಿ ಆ ಜಾಗವನ್ನು ಯುವಕರು ತಾವೇ ಹುಡುಕಿಕೊಂಡರು. ಪಾಳು ಬಿದ್ದ ಕಾರ್ಖಾನೆ, ಗೋದಾಮು, ಹಳೆಯ ಕೋಟೆಗಳನ್ನು ಹಿಡಿದುಕೊಂಡು ತಾವೇ ನಡೆಸುವ ಕೇಂದ್ರಗಳಿಗೆ ಅಲ್ಲಿ 'ಚೆಂತ್ರಿ ಸೊಚಿಯಾಲಿ' ಅನ್ನುತ್ತಾರೆ. ಅಡುಗೆಮನೆ, ಪುಸ್ತಕ, ರಾಜಕೀಯ ಸಭೆ, ಜೊತೆಗೆ ಕಡಿಮೆ ಟಿಕೆಟ್ಟಿನ ಸಂಗೀತ. ರೋಮಿನ ಫೋರ್ತೆ ಪ್ರೆನೆಸ್ತೀನೊ 1986ರಿಂದ ಹೀಗೇ ನಡೆಯುತ್ತಿದೆ. ಬೊಲೋನ್ಯದಲ್ಲಿ ಇಸೊಲಾ ನೆಲ್ ಕಾಂತಿಯೇರೆ ಇತ್ತು. ಹಿಪ್‌ಹಾಪ್ ಮತ್ತು ಹಾರ್ಡ್‌ಕೋರ್ ಪಂಕ್‌ನ ದೊಡ್ಡ ಠಾವು ಅದು. 1988ರಲ್ಲಿ ಶುರುವಾಗಿ 1991ರಲ್ಲಿ ಖಾಲಿ ಮಾಡಿಸಲಾಯಿತು. ಆಗ ಎಲೆಕ್ಟ್ರೊಕ್ಯೂಷನ್‌ಗೆ ವಯಸ್ಸು ಒಂದು. ಮೆಟಲ್ ಹುಡುಗರಿಗೆ ಈ ಕೇಂದ್ರಗಳಲ್ಲಿ ಪಂಕ್ ಬ್ಯಾಂಡುಗಳಿಗೆ ಸಿಕ್ಕಷ್ಟು ಆದರ ಸಿಗುತ್ತಿರಲಿಲ್ಲ. ಪಂಕ್‌ಗೆ ರಾಜಕೀಯ ಇತ್ತು, ಎಷ್ಟೋ ಪಂಕ್ ಬ್ಯಾಂಡುಗಳು ಇಟಾಲಿಯನ್ನಿನಲ್ಲೇ ಹಾಡುತ್ತಿದ್ದವು. ಡೆತ್ ಮೆಟಲ್ ಇಂಗ್ಲಿಷಿನಲ್ಲಿ ಸಾವು, ಕೊಳೆತ, ಕನಸಿನ ಬಗ್ಗೆ ಹಾಡುತ್ತಿತ್ತು. ಅದು ಹೊರದೇಶದ ಕೇಳುಗರನ್ನು ಮುಟ್ಟಲು ಮಾಡಿದ ಆಯ್ಕೆ. ಆದರೆ ಸ್ವಂತ ಊರಿನ ವೇದಿಕೆಗೆ ಅವರು ಅರ್ಧ ಹೊರಗಿನವರಾದರು.

ನನ್ನ ವಾದಕ್ಕೆ ಬಲವಾದ ಪುರಾವೆ ಸಿಗುವುದು ಬದುಕುಳಿದ ಬ್ಯಾಂಡಿನಲ್ಲಿ. ಜೆನೋವಾದ ಸ್ಯಾಡಿಸ್ಟ್ ಕೂಡ 1990ರ ಸುಮಾರಿಗೆ ಹುಟ್ಟಿದ್ದು. ಅವರ ಮೊದಲ ಆಲ್ಬಮ್ 'ಅಬವ್ ದಿ ಲೈಟ್' ಬಂದದ್ದೂ 1993ರಲ್ಲೇ. ಅದೇ ದೇಶ, ಅದೇ ಲಿರಾ, ಅದೇ ಸೇನೆ. ಆದರೂ ಅವರು ಇವತ್ತಿಗೂ ಇದ್ದಾರೆ. ಡೆತ್ ಮೆಟಲ್ ಜೊತೆ ಕೀಬೋರ್ಡ್ ಬೆರೆಸಿದ್ದು ಅವರನ್ನು ಬೇರೆಯಾಗಿ ಕಾಣಿಸಿತು ನಿಜ. ಆದರೆ ಅದಕ್ಕಿಂತ ಮುಖ್ಯವಾದ ಎರಡು ವಿಷಯಗಳಿವೆ. ಡ್ರಮ್ಮರ್ ಪೆಸೊ ನೆಕ್ರೊಡೆತ್‌ನಿಂದ ಬಂದವರು. ಎರಡು ಆಲ್ಬಮಿನ ಅನುಭವ, ಜನರ ಪರಿಚಯ ಅವರ ಜೊತೆಗೇ ಬಂತು. ಗಿಟಾರ್ ಮತ್ತು ಕೀಬೋರ್ಡ್ ನುಡಿಸುವ ಟೊಮ್ಮಿ ತಲಮಾಂಕ ಮುಂದೆ ಜೆನೋವಾದಲ್ಲೇ ನಾದಿರ್ ಅನ್ನುವ ಸ್ಟುಡಿಯೊ ನಡೆಸತೊಡಗಿದರು. ಸ್ಟುಡಿಯೊದ ಬಾಡಿಗೆ ಹೊರಗೆ ಹೋಗುವ ಬದಲು ಬೇರೆ ಬ್ಯಾಂಡುಗಳ ಕೆಲಸದಿಂದ ಒಳಗೆ ಬರತೊಡಗಿತು. ಸರಪಳಿಯ ಒಂದು ಕೊಂಡಿಯನ್ನು ಅವರೇ ಬೆಸೆದುಕೊಂಡರು. ಪೆರುಜಾದ ಫ್ಲೆಶ್‌ಗಾಡ್ ಅಪೊಕ್ಯಾಲಿಪ್ಸ್ 2007ರಲ್ಲಿ ಹುಟ್ಟಿ, 2011ರ ಹೊತ್ತಿಗೆ ಜರ್ಮನಿಯ ನ್ಯೂಕ್ಲಿಯರ್ ಬ್ಲಾಸ್ಟ್ ಕಂಪನಿಗೆ ಆಲ್ಬಮ್ ಮಾಡುತ್ತಿತ್ತು. ಕಡ್ಡಾಯ ಸೇನೆ ಇಲ್ಲದ, ಯೂರೊ ಇರುವ, ಇಂಟರ್‌ನೆಟ್ ಇರುವ ಇಟಲಿ ಅದು.

ಹಾಗಂತ ಈಗ ಎಲ್ಲ ಸರಿಹೋಗಿದೆ ಅನ್ನೋ ಹಾಗಿಲ್ಲ. ಈ ಹಳೇ ಕಥೆಯನ್ನು ಈಗ ಹೇಳುತ್ತಿರುವುದೂ ಅದಕ್ಕೇ.

ಜಾಗದ ವಿಷಯ ನೋಡಿ. ಮಿಲಾನಿನ ಲಿಯೊಂಕವಾಲ್ಲೊ 1975ರಲ್ಲಿ ಶುರುವಾದ ಕೇಂದ್ರ. 2025ರ ಆಗಸ್ಟ್ 21ರಂದು ಅದನ್ನು ಖಾಲಿ ಮಾಡಿಸಿದರು. ಕಟ್ಟಡದ ಮಾಲೀಕರ ಪರವಾಗಿ ನ್ಯಾಯಾಲಯದ ಆದೇಶ ಬಹಳ ವರ್ಷಗಳಿಂದ ಇತ್ತು, ಅದನ್ನು ಮರೆಮಾಚುವುದು ಬೇಡ. ಆದರೆ ಅರ್ಧ ಶತಮಾನ ಸಣ್ಣಪುಟ್ಟ ಬ್ಯಾಂಡುಗಳಿಗೆ ವೇದಿಕೆ ಕೊಟ್ಟ ಜಾಗ ಹೋದಾಗ, ಅದರ ಬದಲಿಗೆ ಏನು ಅನ್ನುವ ಪ್ರಶ್ನೆಗೆ ಉತ್ತರ ಬೇಕಲ್ಲ? 2022ರ ಅಕ್ಟೋಬರ್ ಕೊನೆಯಲ್ಲಿ, ಮೊದೆನಾದಲ್ಲಿ ಪಾಳು ಜಾಗದಲ್ಲಿ ನಡೆದ ಒಂದು ರೇವ್ ಪಾರ್ಟಿಯ (ಅನುಮತಿ ಇಲ್ಲದ ಡಾನ್ಸ್ ಸಂಗೀತದ ಕೂಟ) ನಂತರ, ಬೇರೆಯವರ ಜಾಗಕ್ಕೆ ನುಗ್ಗಿ ಇಂಥ ಕೂಟ ನಡೆಸುವವರಿಗೆ ಜೈಲು ಶಿಕ್ಷೆಯ ಕಾನೂನನ್ನೂ ಅಲ್ಲಿನ ಸರ್ಕಾರ ತಂದಿತು. ಬಾಡಿಗೆ ಕೊಟ್ಟು ಸಭಾಂಗಣ ಹಿಡಿಯಲಾಗದ ಇಪ್ಪತ್ತು ವರ್ಷದ ಹುಡುಗರಿಗೆ ಬಾಗಿಲುಗಳು ಕಡಿಮೆಯಾಗುತ್ತಿವೆ.

ದುಡ್ಡಿನ ವಿಷಯವೂ ಹಾಗೇ. 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ದುಡ್ಡಿಲ್ಲ. ಒಂಬತ್ತು ಹಾಡಿನ ಒಂದು ಆಲ್ಬಮ್ ಇದೆ ಅಂದುಕೊಳ್ಳಿ. ಪ್ರತಿ ಹಾಡನ್ನೂ ವರ್ಷಕ್ಕೆ 900 ಸಲ ಕೇಳುತ್ತಾರೆ. ಒಟ್ಟು 8,100 ಸಲ. ಬ್ಯಾಂಡಿಗೆ ಸಿಗುವುದು ಸೊನ್ನೆ. ಇರುವ ಹಾಡುಗಳಲ್ಲಿ ಒಂದೇ ಹಾಡು ಹಿಟ್ ಆದವರಿಗೆ ಇದು ತಟ್ಟುವುದಿಲ್ಲ. ಇಡೀ ಆಲ್ಬಮ್ ಕೂತು ಕೇಳುವ ಸಣ್ಣ ಬಳಗ ಇರುವ ಸಂಗೀತಕ್ಕೆ ನೇರವಾಗಿ ತಟ್ಟುತ್ತದೆ. ಮೊತ್ತ ಸಣ್ಣದು, ಒಪ್ಪುತ್ತೇನೆ. ಆದರೆ ಅದು ಹಾಡಿದವರದು. ಇಂಥ ಬ್ಯಾಂಡುಗಳಿಗೆ ನಿಜವಾಗಿ ಆಸರೆಯಾಗಿದ್ದು ಬ್ಯಾಂಡ್‌ಕ್ಯಾಂಪ್. ಅಲ್ಲಿ ಕೇಳುಗರು ನೇರವಾಗಿ ಬ್ಯಾಂಡಿನಿಂದ ಕೊಳ್ಳುತ್ತಾರೆ. ಅದನ್ನು 2022ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಾಂಗ್‌ಟ್ರ್ಯಾಡರ್‌ಗೆ ಮಾರಿತು, ಆಗ ಅರ್ಧದಷ್ಟು ಸಿಬ್ಬಂದಿಯ ಕೆಲಸ ಹೋಯಿತು.

ಇನ್ನು ಹಕ್ಕು. 90ರ ದಶಕದ ಡೆಮೊಗಳು, ಆಲ್ಬಮುಗಳು ಈಗ ಮತ್ತೆ ಮತ್ತೆ ಮರುಮುದ್ರಣ ಆಗುತ್ತಿವೆ. ಸಣ್ಣ ಕಂಪನಿಗಳು ಕೆಲವೇ ನೂರು ವಿನೈಲ್ ಪ್ರತಿ ಮಾಡುತ್ತವೆ, ಬೇಗ ಖಾಲಿಯಾಗುತ್ತವೆ. ಹಳೆಯ ಸಿಡಿಗಳು ಡಿಸ್ಕಾಗ್ಸ್ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಕೈ ಬದಲಾಗುತ್ತವೆ. ಆದರೆ ಕೈ ಬದಲಾದ ಸಿಡಿಯಿಂದ ಬ್ಯಾಂಡಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಮರುಮುದ್ರಣ ಮಾಡಬೇಕಾದರೆ ಧ್ವನಿಮುದ್ರಣದ ಹಕ್ಕು ಯಾರ ಹತ್ತಿರ ಇದೆ ಅಂತ ಗೊತ್ತಾಗಬೇಕು. ಇಪ್ಪತ್ತು ವರ್ಷದ ಹುಡುಗ ಆಲ್ಬಮ್ ಬರುತ್ತದಲ್ಲ ಅನ್ನೋ ಖುಷಿಯಲ್ಲಿ ಹಾಕಿದ ಒಂದು ಸಹಿ ದಶಕಗಳ ಕಾಲ ಕಟ್ಟಿಹಾಕಬಹುದು.

ಯುರೋಪಿನ ಒಕ್ಕೂಟ 2011ರಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಜೊತೆಗೆ ಕಲಾವಿದರ ಪರ ಒಂದು ನಿಯಮವನ್ನೂ ಸೇರಿಸಿತು. ಆಲ್ಬಮ್ ಬಂದು 50 ವರ್ಷ ಆದ ಮೇಲೆಯೂ ಕಂಪನಿ ಅದನ್ನು ಸರಿಯಾಗಿ ಮಾರುತ್ತಿಲ್ಲ ಅಂದರೆ, ಕಲಾವಿದರು ನೋಟಿಸ್ ಕೊಟ್ಟು ಒಪ್ಪಂದ ಮುರಿಯಬಹುದು. ಒಳ್ಳೆಯ ನಿಯಮ. ಆದರೆ 1993ರಲ್ಲಿ ಬಂದ ಆಲ್ಬಮಿಗೆ ಇದು ಅನ್ವಯವಾಗುವುದು 2043 ಮುಗಿದ ಮೇಲೆ. ಅಂದು ಇಪ್ಪತ್ತರ ಹುಡುಗನಿಗೆ ಆಗ ಎಪ್ಪತ್ತು. 2019ರಲ್ಲಿ ಒಕ್ಕೂಟ ಹೊರಡಿಸಿದ ಇನ್ನೊಂದು ನಿರ್ದೇಶನ, ಬಳಸದೆ ಮೂಲೆಗೆ ಹಾಕಿದ ಕೃತಿಯ ಹಕ್ಕನ್ನು ಬೇಗ ಹಿಂಪಡೆಯುವ ದಾರಿ ಕೊಟ್ಟಿತು. ಇಟಲಿ 2021ರಲ್ಲಿ ಅದನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿತು. ಆದರೆ 2021ರ ಜೂನ್ 7ಕ್ಕೆ ಮೊದಲು ಕೈಸೇರಿದ ಹಕ್ಕುಗಳಿಗೆ ಧಕ್ಕೆ ಬರಬಾರದು ಅಂತ ಆ ನಿರ್ದೇಶನವೇ ಹೇಳುತ್ತದೆ. ಹಾಗಾಗಿ 90ರ ದಶಕದವರು ಅದರ ಮೇಲೆ ನೆಚ್ಚಿಕೊಳ್ಳುವುದು ಕಷ್ಟ. ಯಾರಿಗೆ ಅತಿ ಜಾಸ್ತಿ ಬೇಕಿತ್ತೋ ಅವರೇ ಹೊರಗೆ ಉಳಿದರು. 50 ವರ್ಷದ ಆ ಗಡುವನ್ನು 25ಕ್ಕೆ ಇಳಿಸಿದರೆ ಯಾರಿಗೆ ನಷ್ಟ? ಮಾರದೆ ಇಟ್ಟುಕೊಂಡ ಆಲ್ಬಮಿನಿಂದ ಕಂಪನಿಗೂ ಏನೂ ಬರುತ್ತಿಲ್ಲ. ಅಷ್ಟರಲ್ಲಿ ಮೂಲ ಟೇಪು ಯಾವುದೋ ಪೆಟ್ಟಿಗೆಯಲ್ಲಿ ತೇವ ಹಿಡಿಯುತ್ತಿರುತ್ತದೆ.

ಎಲೆಕ್ಟ್ರೊಕ್ಯೂಷನ್ ಮತ್ತೆ ಸೇರಿದ ಮೇಲೆ 2014ರಲ್ಲಿ 'ಮೆಟಾಫಿಸಿನ್‌ಕಾರ್ನೇಷನ್' ಬಂತು. ಕೇಳಿ ನೋಡಿ, ಹಳೆಯ ಚುರುಕು ಹಾಗೇ ಇದೆ, ಧ್ವನಿಮುದ್ರಣ ಮಾತ್ರ ಇನ್ನೂ ಸ್ಪಷ್ಟ. ಮೂರನೆಯದು 'ಸೈಕೊನೊಲಾಟ್ರಿ', 2019ರಲ್ಲಿ. ಮೊದಲನೆಯದರಿಂದ ಎರಡನೆಯದಕ್ಕೆ 21 ವರ್ಷ ಹಿಡಿದಿತ್ತು. ಎರಡನೆಯದರಿಂದ ಮೂರನೆಯದಕ್ಕೆ ಐದೇ ವರ್ಷ.